ಕಂದಾಯ ಇಳಿಸುವ ವಕೀಲರ ಊರು

ಶಿಕಾಗೊದ ವಾಯವ್ಯಕ್ಕಿರುವ ಷಾಂಬರ್ಗ್ ಉಪನಗರದ ಮನೆಗಳಿಗೆ ಮೂರು ವರ್ಷಕ್ಕೊಮ್ಮೆ ಕೌಂಟಿ (ಜಿಲ್ಲಾಡಳಿತ) ಕಚೇರಿಯಿಂದ ಒಂದು ಲಕೋಟೆ ಬರುತ್ತದೆ. ಅದು ಬಿಲ್ಲಲ್ಲ. ಮನೆ ಎಷ್ಟು ಚದರಡಿ, ಯಾವ ಕಾಲದ್ದು, ಅದಕ್ಕೆ ಈಗ ಮಾರುಕಟ್ಟೆಯಲ್ಲಿ ಎಷ್ಟು ಬೆಲೆ ಬಂದೀತು ಎಂದು ಕಚೇರಿ ಮಾಡಿದ ಅಂದಾಜು ಅದರಲ್ಲಿರುತ್ತದೆ. ಒಪ್ಪಿಗೆ ಇಲ್ಲದಿದ್ದರೆ ಇಂಥ ತಾರೀಖಿನೊಳಗೆ ತಿಳಿಸಿ ಎಂಬ ಸೂಚನೆಯೂ ಇರುತ್ತದೆ. ಅದರ ಬೆನ್ನಿಗೇ ಅಂಚೆ ಪೆಟ್ಟಿಗೆ ತುಂಬತೊಡಗುತ್ತದೆ. ‘ನಿಮ್ಮ ತೆರಿಗೆ ಇಳಿಸಿಕೊಡುತ್ತೇವೆ, ಗೆಲ್ಲದಿದ್ದರೆ ಒಂದು ಡಾಲರೂ ಬೇಡ’ ಎನ್ನುವ ವಕೀಲರ ಪತ್ರಗಳು ಒಂದರ ಮೇಲೊಂದು ಬರುತ್ತವೆ. ಕೆಲವಂತೂ ಸರಕಾರಿ ನೋಟಿಸೇ ಇರಬೇಕು ಅನ್ನಿಸುವ ಹಾಗೆ ಅಚ್ಚಾಗಿರುತ್ತವೆ.

ಕನ್ನಡಿಗರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆ ವಾರ ಇದೇ ಮಾತು. ‘ಯಾರಿಗಾದ್ರೂ ಒಳ್ಳೆ ಟ್ಯಾಕ್ಸ್ ಅಪೀಲ್ ಲಾಯರ್ ಗೊತ್ತಾ?’ ಎಂದು ಒಬ್ಬರು ಕೇಳಿದರೆ, ಲಾಯರ್ ಯಾಕೆ ಸುಮ್ನೆ, ನಾನೇ ಆನ್‌ಲೈನ್‌ನಲ್ಲಿ ಹಾಕಿದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಬೇಸಿಗೆ ಕಳೆಯಲು ಮಗಳ ಮನೆಗೆ ಬಂದ ಮೈಸೂರಿನ ಅಪ್ಪನಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಜಮೀನು ವ್ಯಾಜ್ಯಕ್ಕೆ ವಕೀಲರು ಬೇಕು, ಪಾಲು ಪಟ್ಟಿಗೆ ಬೇಕು, ಆದರೆ ಮನೆ ಕಂದಾಯಕ್ಕೂ ವಕೀಲರೇ?

ಅಮೆರಿಕದ ಬಹುತೇಕ ಕಡೆ ಕಂದಾಯದ ವಿರುದ್ಧ ಮೇಲ್ಮನವಿ ಹಾಕಬಹುದು. ಆದರೆ ಶಿಕಾಗೊ ನಗರವನ್ನೂ ಅದರ ಸುತ್ತಲಿನ ನೂರಕ್ಕೂ ಹೆಚ್ಚು ಪಟ್ಟಣಗಳನ್ನೂ ಒಳಗೊಂಡ ಕುಕ್ ಕೌಂಟಿಯಲ್ಲಿ ಅದು ದೊಡ್ಡ ಉದ್ಯಮವಾಗಿ ಬೆಳೆದಿದೆ. ಆ ಉದ್ಯಮದ ಲಾಭ ಉಂಡವರಲ್ಲಿ ಇಬ್ಬರು ಇಲಿನಾಯ್ ರಾಜ್ಯದ ಅತ್ಯಂತ ಪ್ರಬಲ ರಾಜಕಾರಣಿಗಳು. ಇಬ್ಬರಿಗೂ ಜೈಲು ಶಿಕ್ಷೆಯಾಯಿತು.

ಬೆಲೆ ಕಟ್ಟುವವರು

ಕುಕ್ ಕೌಂಟಿಯಲ್ಲಿ ಮನೆ, ಅಂಗಡಿ, ಗೋದಾಮು, ಖಾಲಿ ಸೈಟು ಎಲ್ಲ ಸೇರಿ ಸುಮಾರು 18 ಲಕ್ಷ ಆಸ್ತಿಗಳಿವೆ. ಪ್ರತಿಯೊಂದಕ್ಕೂ 14 ಅಂಕಿಗಳ ಒಂದು ಗುರುತಿನ ಸಂಖ್ಯೆ. ಇಷ್ಟಕ್ಕೂ ಬೆಲೆ ಕಟ್ಟುವ ಹೊಣೆ ಅಸೆಸರ್ ಎಂಬ ಒಬ್ಬ ಅಧಿಕಾರಿಯ ಮೇಲಿದೆ. ಅವರು ಪರೀಕ್ಷೆ ಬರೆದು ನೇಮಕವಾದವರಲ್ಲ, ಪಕ್ಷದ ಚಿಹ್ನೆಯಡಿ ಚುನಾವಣೆ ಗೆದ್ದು ಬಂದವರು.

ಒಂದೇ ವರ್ಷದಲ್ಲಿ ಎಲ್ಲಕ್ಕೂ ಬೆಲೆ ಕಟ್ಟುವುದು ಆಗದ ಮಾತು. ಅದಕ್ಕೆ ಕೌಂಟಿಯನ್ನು ಮೂರು ಭಾಗ ಮಾಡಿಕೊಂಡು ಸರದಿಯ ಮೇಲೆ ಮಾಡುತ್ತಾರೆ. 2024ರಲ್ಲಿ ಶಿಕಾಗೊ ನಗರದ್ದು, 2025ರಲ್ಲಿ ಷಾಂಬರ್ಗ್ ಸೇರಿದಂತೆ ಉತ್ತರದ ಉಪನಗರಗಳದ್ದು, 2026ರಲ್ಲಿ ದಕ್ಷಿಣ ಮತ್ತು ಪಶ್ಚಿಮದ ಉಪನಗರಗಳದ್ದು. ಒಮ್ಮೆ ನಿಗದಿಯಾದ ಬೆಲೆ ಸಾಮಾನ್ಯವಾಗಿ ಮುಂದಿನ ಸರದಿಯವರೆಗೆ ನಿಲ್ಲುತ್ತದೆ. ವಕೀಲರ ಪತ್ರಗಳ ಸುರಿಮಳೆ ಸರದಿಯ ವರ್ಷದಲ್ಲೇ ಜೋರಾಗುವುದು ಇದೇ ಕಾರಣಕ್ಕೆ.

ಮಾರುಕಟ್ಟೆ ಬೆಲೆ ಪೂರ್ತಿಯಾಗಿ ತೆರಿಗೆಗೆ ಒಳಪಡುವುದಿಲ್ಲ. ವಾಸದ ಮನೆಯಾದರೆ ಅದರ ಶೇ 10, ವಾಣಿಜ್ಯ ಕಟ್ಟಡವಾದರೆ ಶೇ 25ರಷ್ಟನ್ನು ಮಾತ್ರ ತೆರಿಗೆ ಮೌಲ್ಯವೆಂದು ಹಿಡಿಯುತ್ತಾರೆ. ವಾಣಿಜ್ಯದ ಪ್ರಮಾಣ ಮನೆಯದಕ್ಕಿಂತ ಸರಿಯಾಗಿ ಎರಡೂವರೆ ಪಟ್ಟು ಇರುವುದು ಆಕಸ್ಮಿಕವಲ್ಲ. ದೊಡ್ಡ ಕೌಂಟಿಗಳು ಆಸ್ತಿಗಳನ್ನು ಬೇರೆ ಬೇರೆ ವರ್ಗ ಮಾಡಿಕೊಳ್ಳಬಹುದು, ಆದರೆ ಮೇಲಿನ ವರ್ಗಕ್ಕೂ ಕೆಳಗಿನದಕ್ಕೂ ಎರಡೂವರೆ ಪಟ್ಟಿಗಿಂತ ಹೆಚ್ಚಿನ ಅಂತರ ಇರಕೂಡದು ಎಂದು ಇಲಿನಾಯ್‌ನ 1970ರ ಸಂವಿಧಾನವೇ ಹೇಳಿದೆ. ರಾಜ್ಯದ ಉಳಿದ ಕೌಂಟಿಗಳಲ್ಲಿ ಮೂರನೇ ಒಂದು ಭಾಗವನ್ನು ಹಿಡಿಯುವುದು ರೂಢಿ. ಆ ಮಟ್ಟಕ್ಕೆ ಕುಕ್ ಕೌಂಟಿಯನ್ನೂ ತರಲು ರಾಜ್ಯ ಸರಕಾರ ಪ್ರತಿ ವರ್ಷ ಒಂದು ಗುಣಕ ಪ್ರಕಟಿಸುತ್ತದೆ. ಅದು ಇತ್ತೀಚಿನ ವರ್ಷಗಳಲ್ಲಿ 3ರ ಆಸುಪಾಸಿನಲ್ಲಿದೆ.

ಶೇಕಡಾ ಹತ್ತು ಎಂದು ಮೊದಲು ಇಳಿಸಿ, ಆಮೇಲೆ ಮೂರರಿಂದ ಗುಣಿಸುವ ಈ ಸರ್ಕಸ್ಸು ಯಾಕೆ ಎಂದು ಓದುಗರು ಕೇಳಬಹುದು. ಅಲ್ಲಿನ ಮನೆಯವರೂ ಅದನ್ನೇ ಕೇಳುತ್ತಾರೆ. ನಾಲ್ಕು ಲಕ್ಷ ಡಾಲರಿನ ಮನೆಯ ನೋಟಿಸಿನಲ್ಲಿ 40,000 ಎಂಬ ಅಂಕಿ ಕಂಡು ‘ಪರವಾಗಿಲ್ಲ, ಕಡಿಮೆಯೇ ಹಾಕಿದ್ದಾರೆ’ ಎಂದು ನಿರಾಳವಾಗುವವರು ಎಷ್ಟೋ. ಅರ್ಥವಾಗದ ಲೆಕ್ಕದ ಸುತ್ತ ಅದನ್ನು ಅರ್ಥ ಮಾಡಿಸುವವರ ಸಂತೆ ಹುಟ್ಟಿಕೊಳ್ಳುತ್ತದೆ.

ದರ ಮೊದಲಲ್ಲ, ಮೊತ್ತ ಮೊದಲು

ಬೆಂಗಳೂರಿನ ಓದುಗರು ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ನಮ್ಮಲ್ಲಿ ಸ್ವಯಂ ಘೋಷಣೆ. ವಲಯ ಯಾವುದು, ಚದರಡಿ ಎಷ್ಟು, ಬಾಡಿಗೆಗೆ ಕೊಟ್ಟಿದ್ದೋ ಸ್ವಂತಕ್ಕೋ ಎಂದು ನಾವೇ ಭರ್ತಿ ಮಾಡಿ, ಮೊದಲೇ ಗೊತ್ತಿರುವ ದರದಲ್ಲಿ ಲೆಕ್ಕ ಹಾಕಿ, ರಿಯಾಯಿತಿಯ ಆಸೆಗೆ ಏಪ್ರಿಲ್‌ನಲ್ಲೇ ಕಟ್ಟಿ ಬರುತ್ತೇವೆ. ಪಕ್ಕದ ಮನೆಯವರು ಒಂದು ಮಹಡಿ ಬಚ್ಚಿಟ್ಟರೆ ಪಾಲಿಕೆಗೆ ನಷ್ಟ. ನಮ್ಮ ಬಿಲ್ಲು ಅದರಿಂದ ತಕ್ಷಣ ಏರುವುದಿಲ್ಲ.

ಇಲಿನಾಯ್‌ನಲ್ಲಿ ಹಾಗಲ್ಲ. ಅಮೆರಿಕದಲ್ಲೇ ಅತಿ ಹೆಚ್ಚು ಸ್ಥಳೀಯ ಆಡಳಿತ ಘಟಕಗಳಿರುವ ರಾಜ್ಯ ಅದು. ಶಾಲಾ ಜಿಲ್ಲೆ, ನಗರಸಭೆ, ಉದ್ಯಾನ ಮಂಡಳಿ, ಗ್ರಂಥಾಲಯ, ಕೊಳಚೆ ನೀರಿನ ಮಂಡಳಿ, ಕೆಲವು ಕಡೆ ಸೊಳ್ಳೆ ನಿಯಂತ್ರಣಕ್ಕೇ ಒಂದು ಮಂಡಳಿ. ಇವೆಲ್ಲ ತಮಗೆ ಈ ವರ್ಷ ಇಷ್ಟು ಹಣ ಬೇಕು ಎಂದು ಮೊದಲೇ ನಿರ್ಣಯ ಮಾಡುತ್ತವೆ. ಆ ಬೇಡಿಕೆಯನ್ನು ಪ್ರದೇಶದ ಒಟ್ಟು ತೆರಿಗೆ ಮೌಲ್ಯದಿಂದ ಭಾಗಿಸಿದಾಗ ದರ ಹುಟ್ಟುತ್ತದೆ. ಅಂದರೆ ಒಟ್ಟು ಮೊತ್ತ ಮೊದಲು, ದರ ಆಮೇಲೆ. ಬೇಡಿಕೆಯನ್ನು ಮನಸ್ಸಿಗೆ ಬಂದಷ್ಟು ಏರಿಸದಂತೆ ಬಹುತೇಕ ಘಟಕಗಳಿಗೆ ಕಾನೂನಿನ ಮಿತಿಯೂ ಇದೆ.

ಊರ ತೇರಿಗೆ ವಂತಿಗೆ ಎತ್ತುವ ಲೆಕ್ಕ ಇದು. ತೇರಿನ ಖರ್ಚು ಇಷ್ಟೆಂದು ತೀರ್ಮಾನವಾಗಿದೆ, ಜಮೀನಿನ ಪ್ರಕಾರ ಮನೆಮನೆಗೆ ಪಾಲು. ದೊಡ್ಡ ಹಿಡುವಳಿದಾರರೊಬ್ಬರು ಲೆಕ್ಕಿಗನನ್ನು ಒಪ್ಪಿಸಿ ತಮ್ಮ ಹತ್ತು ಎಕರೆಯನ್ನು ಎಂಟು ಎಂದು ಬರೆಸಿದರೆ ತೇರೇನೂ ಚಿಕ್ಕದಾಗುವುದಿಲ್ಲ, ಅವರು ಬಿಟ್ಟ ಪಾಲು ಉಳಿದ ಮನೆಗಳ ಮೇಲೆ ಹಂಚಿಹೋಗುತ್ತದೆ.

ಕುಕ್ ಕೌಂಟಿಯ ಕಂದಾಯ ವಕಾಲತ್ತಿನ ಕಥೆಯೆಲ್ಲ ಇದೊಂದರ ಮೇಲೆ ನಿಂತಿದೆ. ಮೇಲ್ಮನವಿ ಹಾಕಿದವರು ಸರಕಾರದ ವಿರುದ್ಧ ಹೋರಾಡುತ್ತಿದ್ದೇವೆ ಅಂದುಕೊಳ್ಳುತ್ತಾರೆ. ಗೆದ್ದಾಗ ಸೋಲುವುದು ಮಾತ್ರ ಸರಕಾರವಲ್ಲ, ಮೇಲ್ಮನವಿ ಹಾಕದ ನೆರೆಯವರು.

ಎರಡು ಮೆಟ್ಟಿಲು, ಆಮೇಲೆ ಕವಲು

ಮೇಲ್ಮನವಿಯ ಮೊದಲ ಮೆಟ್ಟಿಲು ಅಸೆಸರ್ ಕಚೇರಿಯೇ. ನೋಟಿಸು ಬಂದ ಸುಮಾರು ಒಂದು ತಿಂಗಳೊಳಗೆ ಅರ್ಜಿ ಹಾಕಬೇಕು. ಶುಲ್ಕವಿಲ್ಲ, ಆನ್‌ಲೈನ್‌ನಲ್ಲೇ ಆಗುತ್ತದೆ. ಅಲ್ಲಿ ಸಮಾಧಾನವಾಗದಿದ್ದರೆ ಎರಡನೆಯದು ಬೋರ್ಡ್ ಆಫ್ ರಿವ್ಯೂ, ಅಂದರೆ ಮರುಪರಿಶೀಲನಾ ಮಂಡಳಿ. ಅದರ ಮೂವರು ಆಯುಕ್ತರೂ ಚುನಾಯಿತರೇ. ಇಬ್ಬರು ಒಪ್ಪಿದರೆ ಬೆಲೆ ಬದಲಾಗುತ್ತದೆ. ಅಲ್ಲೂ ಶುಲ್ಕವಿಲ್ಲ. ಮೊದಲ ಮೆಟ್ಟಿಲು ತಪ್ಪಿಸಿಕೊಂಡವರು ನೇರವಾಗಿ ಇಲ್ಲಿಗೇ ಬರಬಹುದು.

ಅಲ್ಲಿಂದ ಮುಂದೆ ದಾರಿ ಕವಲಾಗುತ್ತದೆ. ಒಂದು, ರಾಜ್ಯ ಮಟ್ಟದ ಆಸ್ತಿ ತೆರಿಗೆ ಮೇಲ್ಮನವಿ ಮಂಡಳಿ. ಇನ್ನೊಂದು, ಕೌಂಟಿಯ ಸರ್ಕ್ಯೂಟ್ ನ್ಯಾಯಾಲಯ. ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ನ್ಯಾಯಾಲಯಕ್ಕೆ ಹೋಗುವವರು ಮೊದಲು ಪೂರ್ತಿ ತೆರಿಗೆ ಕಟ್ಟಿರಬೇಕು. ರಾಜ್ಯ ಮಂಡಳಿಯಲ್ಲಿ ತೀರ್ಪಿಗೆ ವರ್ಷಗಟ್ಟಲೆ ಕಾಯಬೇಕಾಗಿ ಬರುವುದೂ ಉಂಟು. ಮೇಲ್ಮನವಿ ಬಾಕಿ ಇದೆ ಎಂಬ ಕಾರಣಕ್ಕೆ ಬಿಲ್ಲು ಕಟ್ಟುವ ದಿನ ಯಾವ ಹಂತದಲ್ಲೂ ಮುಂದೆ ಹೋಗುವುದಿಲ್ಲ.

ವಕೀಲರು ಕಡ್ಡಾಯವೆ? ತನ್ನ ಹೆಸರಿನಲ್ಲೇ ಇರುವ ವಾಸದ ಮನೆಗಾದರೆ ಬೇಕಿಲ್ಲ, ಯಜಮಾನ ತಾನೇ ವಾದಿಸಬಹುದು. ಆಸ್ತಿ ಕಂಪನಿಯ ಹೆಸರಿನಲ್ಲಿದ್ದರೆ ಮಾತ್ರ ಮರುಪರಿಶೀಲನಾ ಮಂಡಳಿಯಲ್ಲೂ ರಾಜ್ಯ ಮಂಡಳಿಯಲ್ಲೂ ಇಲಿನಾಯ್‌ನಲ್ಲಿ ಸನದು ಪಡೆದ ವಕೀಲರೇ ಬರಬೇಕು. ಎರಡನೇ ಮನೆ ಕೊಂಡು, ಬಾಡಿಗೆಗೆ ಕೊಟ್ಟು, ಹೊಣೆಗಾರಿಕೆಯಿಂದ ತಪ್ಪಿಸಿಕೊಳ್ಳಲು ಅದನ್ನು ಎಲ್ಎಲ್‌ಸಿ ಎಂಬ ಬಗೆಯ ಕಂಪನಿಯ ಹೆಸರಿಗೆ ಮಾಡಿಕೊಂಡ ಭಾರತೀಯರು ಎಡವುವುದು ಇಲ್ಲೇ. ತಾವಿರುವ ಮನೆಗೆ ತಾವೇ ಅರ್ಜಿ ಹಾಕಿ ಗೆದ್ದ ಧೈರ್ಯದಲ್ಲಿ ಬಾಡಿಗೆ ಮನೆಗೂ ಹಾಗೇ ಮಾಡಲು ಹೊರಟರೆ ಅರ್ಜಿ ನಿಲ್ಲುವುದಿಲ್ಲ.

ವಕೀಲರ ಕಡತದಲ್ಲಿ ಏನಿರುತ್ತದೆ

ಕಂದಾಯ ವಕೀಲರೆಂದರೆ ಕಪ್ಪು ಕೋಟು ಹಾಕಿ, ಎದುರಾಳಿಯ ಸಾಕ್ಷಿಯನ್ನು ಪಾಟೀಸವಾಲಿನಲ್ಲಿ ಸಿಕ್ಕಿಸುವವರಲ್ಲ. ಇದು ಹೆಚ್ಚಿನಂಶ ಕಾಗದದ ಕೆಲಸ. ವಾದ ಮುಖ್ಯವಾಗಿ ಮೂರು ಬಗೆಯದು. ಈ ಮನೆಯನ್ನು ಇತ್ತೀಚೆಗೆ ಇಷ್ಟಕ್ಕೇ ಕೊಂಡಿದ್ದೇವೆ, ನೀವು ಹಾಕಿದ ಬೆಲೆ ಅದಕ್ಕಿಂತ ಹೆಚ್ಚು ಎನ್ನುವುದು ಒಂದು. ನಿಮ್ಮ ದಾಖಲೆಯೇ ತಪ್ಪು, ನೆಲಮಾಳಿಗೆಯಲ್ಲಿ ವಾಸದ ಕೋಣೆ ಇಲ್ಲ, ಬಚ್ಚಲುಮನೆ ಎರಡೇ ಎನ್ನುವುದು ಇನ್ನೊಂದು. ಮೂರನೆಯದು ಏಕರೂಪತೆಯ ವಾದ. ನಮ್ಮಂಥದೇ ಮನೆಗಳಿಗೆ ಇದೇ ಬೀದಿಯಲ್ಲಿ ಕಡಿಮೆ ಹಾಕಿದ್ದೀರಿ, ನಮಗೇಕೆ ಹೆಚ್ಚು?

ಮನೆಗಳ ಮೇಲ್ಮನವಿಯಲ್ಲಿ ಹೆಚ್ಚು ಓಡುವುದು ಈ ಮೂರನೆಯದೇ. ಶಿಕಾಗೊದಲ್ಲಿ ಬಂಗಲೆ ಸಾಲು ಎಂದೇ ಕರೆಯುವ ಬಡಾವಣೆಗಳನ್ನು ನೋಡಿದವರಿಗೆ ಇದರ ಮರ್ಮ ಗೊತ್ತಾಗುತ್ತದೆ. 1910ರಿಂದ 1940ರ ನಡುವೆ ಕಟ್ಟಿದ, ಇಟ್ಟಿಗೆಯ, ಒಂದೂವರೆ ಅಂತಸ್ತಿನ, ಒಂದರ ಮಗ್ಗುಲಿಗೆ ಒಂದು ನಿಂತ ಸಾವಿರಾರು ಮನೆಗಳವು. ದೂರದಿಂದ ಎಲ್ಲವೂ ಒಂದೇ. ಒಂದಕ್ಕೆ ಹಿಂದುಗಡೆ ಗ್ಯಾರೇಜು ಇದೆ, ಒಂದಕ್ಕಿಲ್ಲ. ಒಂದರ ಅಟ್ಟವನ್ನು ಮಲಗುವ ಕೋಣೆ ಮಾಡಿದ್ದಾರೆ, ಇನ್ನೊಂದರಲ್ಲಿ ಹಳೆಯ ಸಾಮಾನು ತುಂಬಿದೆ. ವಕೀಲರ ಗುಮಾಸ್ತರು ಕೌಂಟಿಯ ದತ್ತಾಂಶ ಜಾಲಾಡಿ, ಅದೇ ವಯಸ್ಸಿನ, ಅದೇ ಅಳತೆಯ, ಆದರೆ ಚದರಡಿಗೆ ಕಡಿಮೆ ಮೌಲ್ಯ ಬಿದ್ದಿರುವ ಹಲವು ಮನೆಗಳನ್ನು ಹೆಕ್ಕಿ ಒಂದು ಪಟ್ಟಿ ಮಾಡುತ್ತಾರೆ. ಹೆಚ್ಚು ಬಿದ್ದಿರುವ ಮನೆಗಳು ಆ ಪಟ್ಟಿಯಲ್ಲಿ ಇರುವುದಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಈಗ ಲೆಕ್ಕ ನೋಡೋಣ. ಶಿಕಾಗೊ ನಗರದೊಳಗಿನ ಒಂದು ಮನೆಗೆ ಅಸೆಸರ್ ನಾಲ್ಕು ಲಕ್ಷ ಡಾಲರ್ ಕಟ್ಟಿದ್ದಾರೆ ಅಂದುಕೊಳ್ಳಿ. ಅದರ ಶೇ 10 ಅಂದರೆ 40,000. ಗುಣಕ 3 ಎಂದು ಹಿಡಿದರೆ 1,20,000. ತಾವೇ ವಾಸವಿರುವ ಮನೆಗೆ ಸಿಗುವ 10,000ದ ವಿನಾಯಿತಿ ಕಳೆದರೆ 1,10,000. ದರ ಶೇ 7 ಆದರೆ ಬಿಲ್ಲು 7,700 ಡಾಲರ್. ವಕೀಲರು ಬೆಲೆಯನ್ನು 3,60,000ಕ್ಕೆ ಇಳಿಸಿದರೆ ಬಿಲ್ಲು 6,860 ಆಗುತ್ತದೆ. ವರ್ಷಕ್ಕೆ 840 ಉಳಿತಾಯ, ಮೂರು ವರ್ಷಕ್ಕೆ 2,520.

ಫೀಸು ಸಾಮಾನ್ಯವಾಗಿ ಉಳಿತಾಯದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇರುತ್ತದೆ. ಆದರೆ ಯಾವ ಉಳಿತಾಯ? ಕೆಲವರು ಮೊದಲ ವರ್ಷದ್ದನ್ನು ಮಾತ್ರ ಹಿಡಿಯುತ್ತಾರೆ, ಕೆಲವರು ಮೂರೂ ವರ್ಷದ್ದನ್ನು. ಕಾಲು ಭಾಗವೆಂದೇ ಇಟ್ಟುಕೊಂಡರೂ ಮೇಲಿನ ಮನೆಗೆ ಒಂದು ಕಡೆ 210 ಡಾಲರ್, ಇನ್ನೊಂದು ಕಡೆ 630. ಪತ್ರದ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಶೇಕಡಾವಾರು ಮಾತ್ರ, ವರ್ಷದ ಮಾತು ಒಪ್ಪಂದದ ಒಳಗಿನ ಕಲಮಿನಲ್ಲಿರುತ್ತದೆ.

ಒಂದು ಮನೆಗೆ ಇಷ್ಟಾದರೆ, ನಲವತ್ತು ಅಂತಸ್ತಿನ ಕಚೇರಿ ಕಟ್ಟಡಕ್ಕೆ? ಅಲ್ಲಿ ಹೋಲಿಕೆಗೆ ಪಕ್ಕದ ಮನೆ ಸಿಗುವುದಿಲ್ಲ. ಬಾಡಿಗೆ ಎಷ್ಟು, ಖಾಲಿ ಎಷ್ಟು, ಖರ್ಚು ಎಷ್ಟು, ಹೂಡಿದವರಿಗೆ ಎಷ್ಟು ಪ್ರತಿಫಲ ಬೇಕು ಎಂಬ ಲೆಕ್ಕದ ಮೇಲೆ ಬೆಲೆ ನಿಲ್ಲುತ್ತದೆ. ಪ್ರತಿಯೊಂದು ಅಂಕಿಯನ್ನೂ ಸ್ವಲ್ಪ ಸ್ವಲ್ಪ ಎಳೆಯಬಹುದು. ಇಳಿಕೆಯೂ ಲಕ್ಷ, ಮಿಲಿಯನ್ ಡಾಲರುಗಳಲ್ಲಿ. ದೊಡ್ಡ ವಕೀಲರ ಬದುಕು ನಡೆಯುವುದು ಬಂಗಲೆ ಸಾಲಿನಿಂದಲ್ಲ, ಇಲ್ಲಿಂದ.

ಸ್ಪೀಕರ್ ಸಾಹೇಬರ ಕಚೇರಿ

ಮೈಕಲ್ ಮ್ಯಾಡಿಗನ್ ಇಲಿನಾಯ್ ವಿಧಾನಸಭೆಯ ಸ್ಪೀಕರ್ ಆದದ್ದು 1983ರಲ್ಲಿ. ನಡುವೆ ಎರಡು ವರ್ಷ ಬಿಟ್ಟರೆ 2021ರವರೆಗೂ ಆ ಕುರ್ಚಿ ಅವರದೇ. ಅಮೆರಿಕದ ಯಾವ ರಾಜ್ಯದ ಶಾಸನಸಭೆಯಲ್ಲೂ ಯಾರೂ ಅಷ್ಟು ದೀರ್ಘಕಾಲ ನಾಯಕರಾಗಿರಲಿಲ್ಲ. ರಾಜ್ಯದ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷರೂ ಅವರೇ. ಮೊಬೈಲು, ಇಮೇಲುಗಳನ್ನು ದೂರವೇ ಇಟ್ಟ ಮಿತಭಾಷಿ. ಅವರ ಹೆಸರಿನ ವಕೀಲಿ ಸಂಸ್ಥೆ ಮ್ಯಾಡಿಗನ್ ಅಂಡ್ ಗೆಟ್ಜೆಂಡ್ಯಾನರ್ ಮಾಡುತ್ತಿದ್ದ ಕೆಲಸ ಒಂದೇ, ಶಿಕಾಗೊದ ದೊಡ್ಡ ಕಟ್ಟಡಗಳ ಕಂದಾಯ ಇಳಿಸುವುದು.

ಕಂದಾಯದ ಕಾನೂನು ಅಂಗೀಕಾರವಾಗುವ ಸದನದ ಯಜಮಾನರೂ ಅವರೇ, ಆ ಕಾನೂನಿನಡಿ ಕಂದಾಯ ಇಳಿಸಿಕೊಡಿ ಎಂದು ಕಕ್ಷಿದಾರರ ಪರ ಅರ್ಜಿ ಹಾಕುವವರೂ ಅವರೇ. ಅರ್ಜಿ ಹೋಗುತ್ತಿದ್ದುದು ಅವರದೇ ಪಕ್ಷದ ಅಸೆಸರ್ ಮುಂದೆ. ದಶಕಗಳ ಕಾಲ ಇದರಲ್ಲಿ ಯಾವ ಕಾನೂನೂ ಮುರಿದಿರಲಿಲ್ಲ. ಜೇಬುಗಳ್ಳತನಕ್ಕಿಂತ ಇದು ನನ್ನನ್ನು ಹೆಚ್ಚು ಬೆಚ್ಚಿಬೀಳಿಸುತ್ತದೆ.

ಇನ್ನೊಬ್ಬರು ಎಡ್ವರ್ಡ್ ಬರ್ಕ್. 1969ರಿಂದ 2023ರವರೆಗೆ, ಅಂದರೆ 54 ವರ್ಷ, ಶಿಕಾಗೊ ನಗರಸಭೆಯ ಸದಸ್ಯರು. ಹಣಕಾಸು ಸಮಿತಿಯ ಅಧ್ಯಕ್ಷಗಿರಿಯನ್ನು ದಶಕಗಳ ಕಾಲ ಹಿಡಿದಿದ್ದವರು. ಅವರ ಕ್ಲ್ಯಾಫ್ಟರ್ ಅಂಡ್ ಬರ್ಕ್ ಸಂಸ್ಥೆಗೂ ಇದೇ ಕಸುಬು. ಶಿಕಾಗೊ ನದಿಯ ದಂಡೆಯ ಟ್ರಂಪ್ ಟವರ್ ಹಲವು ವರ್ಷ ಆ ಸಂಸ್ಥೆಯ ಕಕ್ಷಿದಾರ. ರಾಜಕೀಯದಲ್ಲಿ ಬರ್ಕ್ ಡೆಮಾಕ್ರಟ್, ಕಂದಾಯದ ಮುಂದೆ ಪಕ್ಷಭೇದ ಇರಲಿಲ್ಲ.

ಬರ್ಕ್ ಸಿಕ್ಕಿಬಿದ್ದದ್ದು ಶಿಕಾಗೊದ ಹಳೆ ಅಂಚೆ ಕಚೇರಿಯ ದೆಸೆಯಿಂದ. ಹೆದ್ದಾರಿಯೇ ಹೊಟ್ಟೆಯೊಳಗೆ ಹಾದುಹೋಗುವ ಆ ದೈತ್ಯ ಕಟ್ಟಡ ಸುಮಾರು ಎರಡು ದಶಕ ಪಾಳುಬಿದ್ದಿತ್ತು. ನ್ಯೂಯಾರ್ಕಿನ ಸಂಸ್ಥೆಯೊಂದು ಅದನ್ನು ಕೊಂಡು ಕಚೇರಿಗಳನ್ನಾಗಿ ಮಾಡಲು ಹೊರಟಾಗ ನಗರಸಭೆಯ ಸಹಕಾರ ಹೆಜ್ಜೆ ಹೆಜ್ಜೆಗೂ ಬೇಕಿತ್ತು. ಸಹಾಯಕ್ಕೆ ಪ್ರತಿಯಾಗಿ ಆ ಕಟ್ಟಡದ ಕಂದಾಯ ವಕಾಲತ್ತು ತಮ್ಮ ಸಂಸ್ಥೆಗೆ ಬರಬೇಕೆಂಬುದು ಬರ್ಕ್ ಲೆಕ್ಕಾಚಾರ. ಟ್ಯೂನಾ ಮೀನು ಬಲೆಗೆ ಬಿತ್ತೇ ಎಂದು ಅವರು ಸಹಸದಸ್ಯ ಡ್ಯಾನಿ ಸೊಲಿಸ್‌ರನ್ನು ಫೋನಿನಲ್ಲಿ ಕೇಳಿದ ಮಾತು ನ್ಯಾಯಾಲಯದಲ್ಲಿ ಎಲ್ಲರ ಕಿವಿಗೂ ಬಿತ್ತು. ಸೊಲಿಸ್ ಆ ಹೊತ್ತಿಗೆ ಎಫ್‌ಬಿಐಗಾಗಿ ಗುಟ್ಟಾಗಿ ಮಾತು ಮುದ್ರಿಸಿಕೊಳ್ಳುತ್ತಿದ್ದರು.

2018ರ ನವೆಂಬರಿನ ಒಂದು ಬೆಳಿಗ್ಗೆ ಎಫ್‌ಬಿಐನವರು ನಗರಸಭಾ ಭವನದಲ್ಲಿದ್ದ ಬರ್ಕ್ ಕಚೇರಿಗೆ ನುಗ್ಗಿ, ಗಾಜಿಗೆಲ್ಲ ಒಳಗಿನಿಂದ ಕಂದು ಕಾಗದ ಅಂಟಿಸಿಕೊಂಡು ತಲಾಶು ಮಾಡಿದರು. 2023ರ ಡಿಸೆಂಬರಿನಲ್ಲಿ, ಹೊರಿಸಿದ್ದ 14 ಆರೋಪಗಳ ಪೈಕಿ 13ರಲ್ಲಿ ಅವರು ತಪ್ಪಿತಸ್ಥರೆಂದು ತೀರ್ಪಾಯಿತು. ಮರುವರ್ಷ ಎರಡು ವರ್ಷಗಳ ಜೈಲು, 20 ಲಕ್ಷ ಡಾಲರ್ ದಂಡ. ಮ್ಯಾಡಿಗನ್ ವಿರುದ್ಧದ ಮೊಕದ್ದಮೆಯ ಬಹುಭಾಗ ಕಾಮೆಡ್ ಎಂಬ ವಿದ್ಯುತ್ ಕಂಪನಿಗೆ ಸಂಬಂಧಿಸಿದ್ದು. ಆದರೆ ಸಾಬೀತಾದ ಆರೋಪಗಳಲ್ಲಿ ಇದೇ ಸೊಲಿಸ್‌ರ ಇನ್ನೊಂದು ಪ್ರಸಂಗವೂ ಇತ್ತು. ಸೊಲಿಸ್‌ಗೆ ಸಂಬಳದ ಸರಕಾರಿ ಮಂಡಳಿ ಸದಸ್ಯತ್ವ ಕೊಡಿಸುವುದು, ಬದಲಿಗೆ ಅವರ ಮೂಲಕ ಕಟ್ಟಡದ ಉದ್ಯಮಿಗಳನ್ನು ತಮ್ಮ ಕಂದಾಯ ವಕೀಲಿ ಸಂಸ್ಥೆಯ ಕಡೆ ತಿರುಗಿಸಿಕೊಳ್ಳುವುದು. 2025ರ ಜೂನ್‌ನಲ್ಲಿ ಮ್ಯಾಡಿಗನ್‌ರಿಗೆ ಏಳೂವರೆ ವರ್ಷ ಜೈಲು ಶಿಕ್ಷೆಯಾಯಿತು.

ಈ ಇಬ್ಬರನ್ನು ನೋಡಿ ಎಲ್ಲ ಕಂದಾಯ ವಕೀಲರನ್ನೂ ಅಳೆಯುವುದು ಅನ್ಯಾಯ. ನಿಜವಾಗಿ ತಪ್ಪು ಬೆಲೆ ಬಿದ್ದ ಮುದುಕಿಯ ಮನೆಯನ್ನು ಉಳಿಸಿಕೊಟ್ಟವರೂ ಆ ಕಸುಬಿನಲ್ಲಿದ್ದಾರೆ. ಆದರೆ ಅಸೆಸರ್, ಮಂಡಳಿಯ ಆಯುಕ್ತರು ಇವರ ಚುನಾವಣಾ ಖರ್ಚಿಗೆ ದೇಣಿಗೆ ಕೊಡುವವರ ಪಟ್ಟಿಯಲ್ಲಿ ಅವರೆದುರೇ ಅರ್ಜಿ ಹಾಕುವ ವಕೀಲರು ಇರುತ್ತಿದ್ದರು ಎಂಬುದು ಸಾರ್ವಜನಿಕ ದಾಖಲೆ.

ಬಡವರ ಮನೆಗೆ ಹೆಚ್ಚು ಬೆಲೆ

2017ರಲ್ಲಿ ‘ಶಿಕಾಗೊ ಟ್ರಿಬ್ಯೂನ್’ ಪತ್ರಿಕೆ ಕುಕ್ ಕೌಂಟಿಯ ಕಂದಾಯದ ಮೇಲೆ ಒಂದು ತನಿಖಾ ಸರಣಿ ಪ್ರಕಟಿಸಿತು. ಮನೆಗಳು ಮಾರಾಟವಾದ ಬೆಲೆಯನ್ನೂ ಅಸೆಸರ್ ಕಟ್ಟಿದ್ದ ಬೆಲೆಯನ್ನೂ ಎದುರುಬದುರು ಇಟ್ಟಾಗ ಕಂಡದ್ದು ಇಷ್ಟು. ಅಗ್ಗದ ಮನೆಗಳಿಗೆ ಇರಬೇಕಾದ್ದಕ್ಕಿಂತ ಹೆಚ್ಚು ಬಿದ್ದಿದೆ, ದುಬಾರಿ ಮನೆಗಳಿಗೆ ಕಡಿಮೆ ಬಿದ್ದಿದೆ. ಶಿಕಾಗೊ ವಿಶ್ವವಿದ್ಯಾಲಯದ ಕ್ರಿಸ್ಟೊಫರ್ ಬೆರಿ ನಡೆಸಿದ ಅಧ್ಯಯನವೂ ಇದನ್ನೇ ಹೇಳಿತು.

ಮೇಲ್ಮನವಿ ಈ ಓರೆಯನ್ನು ಸರಿಮಾಡುವ ಬದಲು ಹೆಚ್ಚು ಮಾಡುತ್ತಿತ್ತು. ಅರ್ಜಿ ಹಾಕುವವರು ಯಾರು? ವಕೀಲರ ಪತ್ರ ಓದಿ ಅರ್ಥ ಮಾಡಿಕೊಳ್ಳುವ ಪುರುಸೊತ್ತು ಇರುವವರು, ಉಳಿತಾಯದ ಮೂರನೇ ಭಾಗವನ್ನು ಫೀಸಾಗಿ ಕೊಟ್ಟರೂ ದೊಡ್ಡ ಮೊತ್ತ ಉಳಿಯುವಂಥ ಮನೆಯಿರುವವರು. ಎರಡು ಪಾಳಿ ದುಡಿಯುವ ದಕ್ಷಿಣ ಶಿಕಾಗೊದ ಕುಟುಂಬ ನೋಟಿಸನ್ನು ಫ್ರಿಜ್ ಮೇಲೆ ಇಟ್ಟು ಮರೆಯುತ್ತದೆ. ನೂರಿನ್ನೂರು ಡಾಲರ್ ಉಳಿಯುವ ಮನೆಗಾಗಿ ವಕೀಲರೂ ಅಷ್ಟು ಆಸೆಪಟ್ಟು ಬರುವುದಿಲ್ಲ.

ಆಗ ಅಸೆಸರ್ ಆಗಿದ್ದವರು ಜೋಸೆಫ್ ಬೆರಿಯೊಸ್. ಕೌಂಟಿಯ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷರೂ ಅವರೇ. 2018ರ ಮಾರ್ಚಿನ ಪಕ್ಷದೊಳಗಿನ ಚುನಾವಣೆಯಲ್ಲಿ ಅವರು ಫ್ರಿಟ್ಜ್ ಕೇಗಿ ಎಂಬ ಹೊಸಬನ ಎದುರು ಸೋತರು. ಕೇಗಿ ಮ್ಯೂಚುವಲ್ ಫಂಡ್ ನಿರ್ವಹಣೆಯಲ್ಲಿದ್ದವರು. ಕಂದಾಯ ವಕೀಲರಿಂದ ದೇಣಿಗೆ ಮುಟ್ಟುವುದಿಲ್ಲ ಎಂದು ಹೇಳಿ ಗೆದ್ದವರು. ಬಂದವರೇ ವಾಣಿಜ್ಯ ಕಟ್ಟಡಗಳ ಬೆಲೆ ಏರಿಸಿದರು. ಕಟ್ಟಡದ ಮಾಲೀಕರು ವಕೀಲರನ್ನು ಕರೆದುಕೊಂಡು ಮರುಪರಿಶೀಲನಾ ಮಂಡಳಿಗೆ ಹೋದರು, ಮಂಡಳಿ ಇಳಿಸಿತು. ಒಂದು ಚುನಾಯಿತ ಕಚೇರಿ ಏರಿಸುವುದು, ಇನ್ನೊಂದು ಚುನಾಯಿತ ಕಚೇರಿ ಇಳಿಸುವುದು. ಅಸೆಸರ್ ಹಾಕಿದ ಅಂಕಿಗಳೇ ಉಬ್ಬಿದವು, ವಾಸ್ತವದ ಬಾಡಿಗೆ ನೋಡಿ ನಾವು ಸರಿಮಾಡಿದ್ದೇವೆ ಎಂಬುದು ಮಂಡಳಿಯ ಸಮರ್ಥನೆ. ಕೋವಿಡ್ ಬಳಿಕ ಶಿಕಾಗೊದ ನಡುಪೇಟೆಯ ಕಚೇರಿಗಳು ಖಾಲಿ ಹೊಡೆದದ್ದು ಸುಳ್ಳಲ್ಲವಾದ್ದರಿಂದ ಆ ಮಾತನ್ನು ಸುಮ್ಮನೆ ತಳ್ಳಿಹಾಕುವಂತೆಯೂ ಇಲ್ಲ.

ಪರಿಣಾಮ ಮಾತ್ರ 2025ರ ನವೆಂಬರಿನ ಬಿಲ್ಲುಗಳಲ್ಲಿ ಎದ್ದು ಕಂಡಿತು. ನಡುಪೇಟೆಯ ವಾಣಿಜ್ಯ ಕಟ್ಟಡಗಳ ಪಾಲು ಇಳಿದಿತ್ತು, ಶಿಕಾಗೊದ ಮಧ್ಯಮ ಮಟ್ಟದ ಮನೆಯ ಬಿಲ್ಲು ಒಂದೇ ವರ್ಷದಲ್ಲಿ ಶೇ 16ಕ್ಕೂ ಹೆಚ್ಚು ಏರಿತ್ತು. ಪಶ್ಚಿಮ ಭಾಗದ ಬಡ, ಕಪ್ಪುಜನರ ಬಡಾವಣೆಯಾದ ವೆಸ್ಟ್ ಗಾರ್‌ಫೀಲ್ಡ್ ಪಾರ್ಕ್‌ನಲ್ಲಿ ಅಂಥ ಬಿಲ್ಲು ಎರಡು ಪಟ್ಟಿಗೂ ಮೀರಿತು.

ಸಹಿ ಹಾಕುವ ಮೊದಲು

ಹಾಗಾದರೆ ಆ ಮೈಸೂರಿನ ಅಪ್ಪನ ಮಗಳ ಮನೆಗೆ ವಕೀಲರು ಬೇಕೇ ಬೇಡವೇ? ವಕೀಲರ ಪತ್ರಕ್ಕಿಂತ ಮೊದಲು ನೋಡಬೇಕಾದ್ದು ವಿನಾಯಿತಿ ಸರಿಯಾಗಿ ಬಂದಿದೆಯೇ ಎಂಬುದನ್ನು. ತಾವೇ ವಾಸವಿರುವವರಿಗೆ ಒಂದು, 65 ದಾಟಿದವರಿಗೆ ಇನ್ನೊಂದು ಹೀಗೆ ಹಲವಿವೆ. ಹೊಸದಾಗಿ ಮನೆ ಕೊಂಡವರಿಗೆ ಮೊದಲ ವರ್ಷ ಅದು ತಪ್ಪಿಹೋಗುವುದು ಸಾಮಾನ್ಯ. ಹಿಂದಿನ ಮೂರು ವರ್ಷದ್ದನ್ನೂ ಅರ್ಜಿ ಕೊಟ್ಟು ವಾಪಸು ಪಡೆಯಬಹುದು, ಅದಕ್ಕೆ ಯಾರಿಗೂ ಪಾಲು ಕೊಡಬೇಕಿಲ್ಲ. ನೋಟಿಸಿನಲ್ಲಿ ಬರೆದ ಚದರಡಿ, ಕೋಣೆಗಳ ವಿವರ ತಾಳೆಯಾಗುತ್ತದೆಯೇ ಎಂದು ನೋಡುವುದು ಆಮೇಲಿನ ಕೆಲಸ. ಸಾಮಾನ್ಯ ಮನೆಗೆ ಮೊದಲ ಎರಡು ಮೆಟ್ಟಿಲನ್ನು ಸ್ವತಃ ಹತ್ತುವುದು ಕಷ್ಟವಲ್ಲ. ಟೌನ್‌ಶಿಪ್ ಕಚೇರಿಗಳಲ್ಲಿ ಉಚಿತ ಸಹಾಯ ಶಿಬಿರಗಳೂ ನಡೆಯುತ್ತವೆ. ಅಪಾರ್ಟ್‌ಮೆಂಟಾದರೆ ಸಂಘವೇ ಇಡೀ ಕಟ್ಟಡಕ್ಕೆ ಒಬ್ಬ ವಕೀಲರನ್ನು ಗೊತ್ತುಮಾಡಿರುತ್ತದೆ, ಬೇರೆಯಾಗಿ ಸಹಿ ಹಾಕುವ ಮುನ್ನ ಕೇಳಿಕೊಳ್ಳುವುದು ಒಳ್ಳೆಯದು.

ಶಿಕಾಗೊ ಕನ್ನಡಿಗರೆಂದು ಹೇಳಿಕೊಳ್ಳುವವರಲ್ಲಿ ಎಷ್ಟೋ ಮಂದಿ ಇರುವುದು ನೇಪರ್ವಿಲ್, ಅರೋರಾಗಳಲ್ಲಿ. ಅವು ಕುಕ್ ಕೌಂಟಿಯಲ್ಲಿಲ್ಲ. ಅಲ್ಲಿ ಮೂರನೇ ಒಂದು ಭಾಗದ ಲೆಕ್ಕ, ನಾಲ್ಕು ವರ್ಷಕ್ಕೊಮ್ಮೆ ಮೌಲ್ಯಮಾಪನ, ಬೇರೆಯದೇ ಗಡುವು. ಷಾಂಬರ್ಗಿನ ಸ್ನೇಹಿತ ವಾಟ್ಸ್ಆ್ಯಪ್‌ನಲ್ಲಿ ಹೇಳಿದ ತಾರೀಖನ್ನು ನಂಬಿ ಕೂತರೆ ಆ ವರ್ಷದ ಅವಕಾಶ ಹೋದಂತೆಯೇ. ಡಲ್ಲಾಸ್, ಆಸ್ಟಿನ್‌ಗಳ ಕನ್ನಡಿಗರದು ಇನ್ನೂ ಬೇರೆ. ಟೆಕ್ಸಾಸಿನಲ್ಲಿ ಮೇಲ್ಮನವಿ ನಡೆಸಲು ವಕೀಲರೇ ಆಗಬೇಕಿಲ್ಲ, ರಾಜ್ಯದಲ್ಲಿ ನೋಂದಾಯಿತರಾದ ತೆರಿಗೆ ಸಲಹೆಗಾರರು ಸಾಕು. ಮೇ 15, ಇಲ್ಲವೇ ನೋಟಿಸು ಬಂದ 30 ದಿನ, ಯಾವುದು ನಂತರವೋ ಅದು ಅಲ್ಲಿನ ಗಡುವು.

ವಾಪಸು ಬಂದ ಹಣ ಎಲ್ಲಿಂದ ಬಂತು

ರಾಜ್ಯ ಮಂಡಳಿಯಲ್ಲೋ ನ್ಯಾಯಾಲಯದಲ್ಲೋ ಗೆದ್ದವರಿಗೆ ಹಳೆಯ ವರ್ಷಗಳ ತೆರಿಗೆ ಮರಳಿ ಬರುತ್ತದೆ. ದೊಡ್ಡ ಮಾಲ್, ಕಾರ್ಖಾನೆಗಳಿಗೆ ಅದು ಮಿಲಿಯನ್‌ಗಳಲ್ಲಿ ಇರಬಹುದು. ಅಷ್ಟು ಹೊತ್ತಿಗೆ ಶಾಲಾ ಜಿಲ್ಲೆ ಆ ಹಣವನ್ನು ಶಿಕ್ಷಕರ ಸಂಬಳಕ್ಕೆ ಕೊಟ್ಟು ಮುಗಿಸಿರುತ್ತದೆ. ಹೀಗೆ ಕೈಬಿಟ್ಟುಹೋದ ಮೊತ್ತವನ್ನು ಮುಂದಿನ ವರ್ಷದ ಬೇಡಿಕೆಗೆ ಸೇರಿಸಿ ವಸೂಲಿ ಮಾಡಿಕೊಳ್ಳಲು 2021ರ ಕಾನೂನೊಂದು ಶಾಲೆ, ಉದ್ಯಾನ, ಗ್ರಂಥಾಲಯ ಮಂಡಳಿಗಳಿಗೆ ದಾರಿ ಮಾಡಿಕೊಟ್ಟಿದೆ. ಮಂಡಳಿಗಳ ಕಡೆಯಿಂದ ನೋಡಿದರೆ ಇದು ನ್ಯಾಯವೇ, ಶಾಲೆ ಮುಚ್ಚಲಾಗುವುದಿಲ್ಲವಲ್ಲ. ಆ ಮೊತ್ತ ಪ್ರದೇಶದ ಎಲ್ಲ ಬಿಲ್ಲುಗಳ ಮೇಲೂ ಹಂಚಿಹೋಗುತ್ತದೆ, ಮೇಲ್ಮನವಿಯ ಹೆಸರೇ ಕೇಳದವರ ಬಿಲ್ಲಿನ ಮೇಲೂ. ಗೆದ್ದ ಮಾಲ್‌ನ ವಕೀಲರಿಗೆ ಹೋದ ಪಾಲೂ ಆ ಮೊತ್ತದೊಳಗೇ ಇರುತ್ತದೆ.